ಆ ವಾರ ಬುಧವಾರ ಇಲ್ಲ ಮೇಡಂ

ತೊಡೆ ಮೇಲಿನ ಗುಳಿಗಳು, ಅಂದರೆ ಸೆಲ್ಯುಲೈಟ್, ಯಂತ್ರದಿಂದ ಚರ್ಮ ಎಳೆಯುವ ಸಕ್ಷನ್ ಮಾಡಿಸಿದರೆ ನಿಜವಾಗಲೂ ಹೋಗುತ್ತವಾ? ನಾನು ಚರ್ಮದ ಡಾಕ್ಟರ್ ಅಲ್ಲ, ಆಪ್ತಸಲಹೆಗಾರ್ತಿ. ಆದರೂ ಈ ಪ್ರಶ್ನೆ ನನ್ನ ಹತ್ತಿರ ಬರುತ್ತಲೇ ಇದೆ. ಇದನ್ನೇ ಕೇಳಬೇಕು ಅಂತ ಯಾರೂ ಬರುವುದಿಲ್ಲ. ನಿದ್ದೆ ಬರುತ್ತಿಲ್ಲ ಅಂತ ಬರುತ್ತಾರೆ, ಸುಮ್ಮನೆ ಸಿಟ್ಟು ಬರುತ್ತೆ ಅಂತ ಬರುತ್ತಾರೆ, ಗಂಡನ ಜೊತೆ ಮಾತು ಕಡಿಮೆಯಾಗಿದೆ ಅಂತ ಬರುತ್ತಾರೆ. ಕೆಲವು ಭೇಟಿ ಆದಮೇಲೆ, ಎದ್ದು ಹೊರಡುವ ಹೊತ್ತಿಗೆ, ಬ್ಯಾಗ್ ಹೆಗಲಿಗೆ ಹಾಕಿಕೊಂಡು, ನಾಚಿಕೊಂಡೇ ಕೇಳುತ್ತಾರೆ.

ಅಂಥ ಒಬ್ಬರ ವಿಷಯ ಬರೆಯುತ್ತಿದ್ದೇನೆ. ಆಕೆಯ ಒಪ್ಪಿಗೆ ಇದೆ, ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ. ಮೂವತ್ತರ ಆಸುಪಾಸು, ಮದುವೆಯಾಗಿದೆ, ಕೆಲಸಕ್ಕೆ ಹೋಗುತ್ತಾರೆ. ಇಷ್ಟು ಸಾಕು.

ಮೊದಲ ಭೇಟಿಗಳಲ್ಲಿ ಕೆಲಸದ ಒತ್ತಡದ ಬಗ್ಗೆಯೇ ಮಾತು. ಆಮೇಲೊಂದು ದಿನ ಕ್ಲಿನಿಕ್ ವಿಷಯ ಹೊರಗೆ ಬಂತು. ವಾರಕ್ಕೊಮ್ಮೆ ಸಿಟಿಂಗ್. ಯಂತ್ರದ ತುದಿಯಲ್ಲಿ ಎರಡು ರೋಲರ್, ನಡುವೆ ಗಾಳಿ ಎಳೆಯುವ ಜಾಗ. ಚರ್ಮವನ್ನು ಮಡಿಕೆಯಾಗಿ ಮೇಲಕ್ಕೆಳೆದು ನಾದುತ್ತಾ ಹೋಗುತ್ತದೆ. ಮೊದಲ ಪ್ಯಾಕೇಜ್ ಮುಗಿದಿತ್ತು, ಎರಡನೆಯದೂ ಮುಗಿಯುತ್ತಾ ಬಂದಿತ್ತು, ಮೂರನೆಯದಕ್ಕೆ ಹಣ ಕಟ್ಟಬೇಕೋ ಬೇಡವೋ ಅನ್ನುವುದು ಆಕೆಯ ಪ್ರಶ್ನೆ. "ಉಪಯೋಗ ಆಗ್ತಾ ಇದೆ ಮೇಡಂ, ಆದ್ರೆ ನಿಲ್ತಾ ಇಲ್ಲ" ಅಂದರು. ಆ ದಿನ ನಾನು ಏನೂ ಹೇಳಲಿಲ್ಲ. ಮುಂದಿನ ಸಲ ಬಂದಾಗ ಇದರಿಂದಲೇ ಶುರು ಮಾಡೋಣ ಅಂದೆ.

ಆ ಮುಂದಿನ ಸಲದ ಮಾತುಕತೆ ನನ್ನ ತಲೆಯಿಂದ ಹೋಗಿಲ್ಲ.

ನಿಮ್ಮ ಒಂದು ವಾರ ಹೇಗೆ ಹೋಗುತ್ತೆ, ದಿನ ದಿನಾನೂ ಹೇಳಿ ಅಂತ ಕೇಳಿದೆ. ಮಂಗಳವಾರ ಸಂಜೆ ಸಿಟಿಂಗ್. ಬುಧವಾರ ಬೆಳಿಗ್ಗೆ ಎದ್ದ ತಕ್ಷಣ ಟೇಪ್ ಹಿಡಿದು ತೊಡೆಯ ಅಳತೆ, ಕನ್ನಡಿ ಮುಂದೆ ಫೋಟೋ. ಬುಧವಾರ ಒಳ್ಳೆ ದಿನ. ಚರ್ಮ ನಯವಾಗಿ ಕಾಣುತ್ತದೆ, ಕಾಲು ಹಗುರ ಅನಿಸುತ್ತದೆ. ಅವತ್ತು ಬೇಕಾದ ಬಟ್ಟೆ ಹಾಕುತ್ತಾರೆ, ರಾತ್ರಿ ಗಂಡನ ಹತ್ತಿರ ಹೋಗುತ್ತಾರೆ, ದೀಪ ಇದ್ದರೂ ಚಿಂತೆ ಇಲ್ಲ. ಶುಕ್ರವಾರದ ಹೊತ್ತಿಗೆ ಗುಳಿಗಳು ಮತ್ತೆ ಕಾಣಲು ಶುರು. ಅಲ್ಲಿಂದ ಮಂಗಳವಾರದವರೆಗೆ ಚಿಲಕ ಹಾಕಿಕೊಂಡು ಬಟ್ಟೆ ಬದಲಿಸುವುದು, ದೀಪ ಆರಿಸುವುದು, ಸುಸ್ತು ಅಂತ ಹೇಳಿ ಆಕಡೆ ತಿರುಗಿ ಮಲಗುವುದು. ಇದನ್ನೆಲ್ಲ ಬೇರೆ ಯಾರದ್ದೋ ಟೈಮ್‌ಟೇಬಲ್ ಓದಿದ ಹಾಗೆ ಒಂದೇ ದನಿಯಲ್ಲಿ ಹೇಳಿದರು.

"ಮಂಗಳವಾರ ಕ್ಲಿನಿಕ್ ರಜೆ ಇದ್ರೆ?" ಅಂತ ಕೇಳಿದೆ.

"ಆ ವಾರ ಬುಧವಾರ ಇಲ್ಲ ಮೇಡಂ."

ಹೇಳಿ ಆಕೆಯೇ ಒಂದು ಕ್ಷಣ ತಡೆದರು. ಗಂಡನಿಗೆ ಈ ಟ್ರೀಟ್‌ಮೆಂಟ್ ವಿಷಯ ಗೊತ್ತಾ ಅಂತ ಕೇಳಿದೆ. ಇಲ್ಲ, ಬೆನ್ನು ನೋವಿಗೆ ಮಸಾಜ್ ಅಂತ ಹೇಳಿದ್ದಾರಂತೆ. ಸರಿ, ಉಳಿದ ದಿನ ನೀವು ದೂರ ಇರುವುದಕ್ಕೆ ಅವರು ಏನು ಕಾರಣ ಅಂದುಕೊಂಡಿದ್ದಾರೆ? ತುಂಬಾ ಹೊತ್ತು ಮಾತಿಲ್ಲ. ಆಮೇಲೆ ಅಂದರು, "ಹೋದ ತಿಂಗಳು ನಮ್ಮನೆಯವರು ಕೇಳಿದ್ರು. ನನ್ನಿಂದ ಏನಾದ್ರೂ ತಪ್ಪಾಗಿದ್ಯಾ, ಇದ್ರೆ ಹೇಳಿಬಿಡು ಅಂತ. ನಾನು ಏನಿಲ್ಲ, ಆಫೀಸ್ ಕೆಲಸ ಜಾಸ್ತಿ ಅಂದೆ."

ಅಂದರೆ ತನ್ನ ತೊಡೆ ಕಾಣಬಾರದು ಅಂತ ಆಕೆ ದೂರ ಇದ್ದರು. ತಾನು ಬೇಡವಾಗಿದ್ದೇನೆ ಅಂತ ಆತ ನೋಯುತ್ತಿದ್ದರು. ಇಬ್ಬರಿಗೂ ಕಾರಣ ಹೇಳುವವರಿಲ್ಲ.

ಅದೇ ದಿನ ಇನ್ನೊಂದು ಮಾತು ಬಂತು. ಗುಳಿ ವಾಪಸ್ ಬರುವುದು ತನ್ನ ತಪ್ಪು ಅಂತ ಆಕೆ ನಂಬಿದ್ದರು. ಕ್ಲಿನಿಕ್ಕಿನವರು ಹಾಗೇ ಹೇಳಿದ್ದರಂತೆ: ನೀರು ಸರಿಯಾಗಿ ಕುಡಿಯಲ್ಲ, ಡಯಟ್ ಪಾಲಿಸಲ್ಲ, ಅದಕ್ಕೇ ರಿಸಲ್ಟ್ ನಿಲ್ಲಲ್ಲ. ಇಲ್ಲಿ ನಾನು ಸುಮ್ಮನಿರಲಿಲ್ಲ. ನನಗೆ ಗೊತ್ತಿದ್ದದ್ದನ್ನು ನೇರವಾಗಿ ಹೇಳಿದೆ, ಅದನ್ನೇ ಇಲ್ಲೂ ಬರೆಯುತ್ತೇನೆ.

ಚರ್ಮದ ಕೆಳಗೆ ಕೊಬ್ಬಿನ ಪದರ ಇರುತ್ತದೆ. ಅದರ ನಡುವೆ ನಾರಿನಂಥ ಎಳೆಗಳು ಚರ್ಮವನ್ನು ಒಳಗಿನ ಪದರಕ್ಕೆ ಕಟ್ಟಿಹಾಕಿರುತ್ತವೆ. ಹತ್ತಿ ಹಾಸಿಗೆಗೆ ಅಲ್ಲಲ್ಲಿ ದಾರ ಹಾಕಿ ಬಿಗಿದರೆ ದಾರ ಇರುವ ಕಡೆ ಗುಳಿ ಬೀಳುತ್ತದೆ, ಸುತ್ತಲಿನ ಹತ್ತಿ ಉಬ್ಬುತ್ತದೆ ಅಲ್ವಾ, ಹಾಗೇ ಇದು. ಹೆಂಗಸರಲ್ಲಿ ಈ ಎಳೆಗಳು ಹೆಚ್ಚಾಗಿ ಚರ್ಮಕ್ಕೆ ನೇರವಾಗಿ ನಿಂತಿರುತ್ತವೆ, ಹಾಗಾಗಿ ಕೊಬ್ಬು ಸುಲಭವಾಗಿ ಮೇಲಕ್ಕೆ ಒತ್ತುತ್ತದೆ. ಗಂಡಸರಲ್ಲಿ ಅವು ಅಡ್ಡಡ್ಡ ಹೆಣೆದುಕೊಂಡಿರುತ್ತವೆ. 1978ರಲ್ಲೇ ಈ ವ್ಯತ್ಯಾಸವನ್ನು ವಿವರಿಸಿದ ಅಧ್ಯಯನ ಪ್ರಕಟವಾಗಿದೆ. ಪ್ರಾಯಕ್ಕೆ ಬಂದ ಹೆಂಗಸರಲ್ಲಿ 100ಕ್ಕೆ 80-90 ಮಂದಿಗೆ ಇದು ಸ್ವಲ್ಪವಾದರೂ ಇರುತ್ತದೆ ಅಂತ ವೈದ್ಯರು ಹೇಳುತ್ತಾರೆ. ತೆಳ್ಳಗಿರುವವರಿಗೂ ಇರುತ್ತದೆ. ಇದು ಕಾಯಿಲೆ ಅಲ್ಲ.

ಸಕ್ಷನ್ ಏನು ಮಾಡುತ್ತದೆ? ಚರ್ಮ ಎಳೆದು ನಾದಿದಾಗ ಅಲ್ಲಿ ರಕ್ತದ ಓಡಾಟ ಜಾಸ್ತಿಯಾಗುತ್ತದೆ, ನಿಂತ ನೀರಿನ ಅಂಶ ಅತ್ತಿತ್ತ ಸರಿಯುತ್ತದೆ, ಚರ್ಮ ಸ್ವಲ್ಪ ತುಂಬಿಕೊಂಡ ಹಾಗೆ ಕಾಣುತ್ತದೆ. ಆ ಬುಧವಾರದ ನಯ ಆಕೆಯ ಭ್ರಮೆ ಅಲ್ಲ, ಇದನ್ನು ಒತ್ತಿ ಹೇಳಿದೆ. ಆದರೆ ಒಳಗಿನ ಎಳೆಗಳು ಇದ್ದಲ್ಲೇ ಇರುತ್ತವೆ. ನೀರು ಮತ್ತೆ ತನ್ನ ಜಾಗಕ್ಕೆ ಬಂದಮೇಲೆ ಗುಳಿಯೂ ಕಾಣುತ್ತದೆ. ಎಷ್ಟು ಲೋಟ ನೀರು ಕುಡಿದರೂ ಆ ಎಳೆ ಸಡಿಲವಾಗುವುದಿಲ್ಲ. ಈ ರೋಲರ್ ಯಂತ್ರಕ್ಕೆ ಔಷಧಿ, ವೈದ್ಯಕೀಯ ಉಪಕರಣಗಳನ್ನು ನಿಯಂತ್ರಿಸುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಡಿಎ 1998ರಲ್ಲಿ ಅನುಮತಿ ಕೊಟ್ಟಿತು. ಆ ಅನುಮತಿಯಲ್ಲೇ ಇರುವುದು ಏನು ಅಂದರೆ, ಸೆಲ್ಯುಲೈಟ್ ಕಾಣುವುದನ್ನು ತಾತ್ಕಾಲಿಕವಾಗಿ ಕಡಿಮೆ ಮಾಡುತ್ತದೆ ಅಂತ. 1999ರಲ್ಲಿ ಬಂದ ಒಂದು ಪ್ರಯೋಗದಲ್ಲಿ 12 ವಾರ ಇದನ್ನು ಪರೀಕ್ಷಿಸಿದರು. ತೊಡೆಯ ಸುತ್ತಳತೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಸಕ್ಷನ್ ಮಾಡಿಸಿಕೊಂಡ 35 ಕಾಲುಗಳಲ್ಲಿ 10ರಲ್ಲಿ ಮಾತ್ರ ಸುಧಾರಿಸಿದೆ ಅಂತ ಆ ಹೆಂಗಸರಿಗೇ ಅನಿಸಿತು. ಬೇರೆ ಸಣ್ಣ ಅಧ್ಯಯನಗಳಲ್ಲಿ ಸುತ್ತಳತೆ ಸ್ವಲ್ಪ ಇಳಿದದ್ದೂ ಇದೆ, ಆದರೆ ಗುಳಿ ಹೋಯಿತು ಅನ್ನುವಷ್ಟು ಗಟ್ಟಿ ಪುರಾವೆ ಇಲ್ಲ.

ಮನೆಯಲ್ಲೇ ಒತ್ತಿಕೊಳ್ಳುವ ಸಿಲಿಕೋನ್ ಕಪ್ ಬಗ್ಗೆಯೂ ಕೇಳಿದರು. ಕೆಲಸ ಅದೇ, ಜೋರಾಗಿ ಎಳೆದರೆ ಚರ್ಮ ಕಂದುಗಟ್ಟುತ್ತದೆ, ಸಣ್ಣ ರಕ್ತನಾಳ ಒಡೆಯಬಹುದು. ಲಿಪೋಸಕ್ಷನ್ ಬೇರೆಯೇ ವಿಷಯ. ಅದು ಆಳದ ಕೊಬ್ಬನ್ನು ತೆಗೆಯುವ ಆಪರೇಷನ್, ಈ ಗುಳಿಗಳಿಗೆ ಅಂತ ಮಾಡುವುದಲ್ಲ, ಕೆಲವರಲ್ಲಿ ಆಮೇಲೆ ಗುಳಿ ಇನ್ನೂ ಎದ್ದು ಕಾಣುತ್ತದೆ. 2015ರಲ್ಲಿ ಎಫ್‌ಡಿಎ ಅನುಮತಿ ಪಡೆದ ಒಂದು ವಿಧಾನದಲ್ಲಿ ಫಲ ವರ್ಷಗಟ್ಟಲೆ ನಿಂತಿದೆ. ಅದರಲ್ಲೂ ಸಕ್ಷನ್ ಇದೆ, ಆದರೆ ಚರ್ಮವನ್ನು ಅಲುಗಾಡದ ಹಾಗೆ ಹಿಡಿಯಲಿಕ್ಕೆ ಅಷ್ಟೇ. ನಿಜವಾದ ಕೆಲಸ ಮಾಡುವುದು ಡಾಕ್ಟರ್ ಕೈಯಲ್ಲಿನ ಸಣ್ಣ ಬ್ಲೇಡ್, ಮರಗಟ್ಟುವ ಇಂಜೆಕ್ಷನ್ ಕೊಟ್ಟು ಆ ಎಳೆಯನ್ನೇ ಕತ್ತರಿಸುತ್ತಾರೆ. ಬರೀ ಎಳೆದು ನಾದುವುದರಿಂದ ಯಾಕೆ ನಿಲ್ಲುವುದಿಲ್ಲ ಅನ್ನುವುದು ಇದರಲ್ಲೇ ಗೊತ್ತಾಗುತ್ತದೆ.

ಇದನ್ನೆಲ್ಲ ಹೇಳಬಾರದಿತ್ತು ಅನ್ನುವವರು ನಮ್ಮ ವೃತ್ತಿಯಲ್ಲೇ ಇದ್ದಾರೆ. ಸಲಹೆಗಾರರು ಭಾವನೆಗಳ ಜೊತೆ ಕೆಲಸ ಮಾಡಬೇಕು, ಯಂತ್ರ ಕೆಲಸ ಮಾಡುತ್ತಾ ಇಲ್ಲವಾ ಅನ್ನುವ ತೀರ್ಪು ನಮ್ಮದಲ್ಲ, ಬಂದವರು ತಾವಾಗಿ ಕಂಡುಕೊಳ್ಳಲಿ ಅಂತ. ಸಾಮಾನ್ಯವಾಗಿ ನನಗೂ ಅದು ಒಪ್ಪಿಗೆ. ಇಲ್ಲಿ ಒಪ್ಪಿಗೆ ಇಲ್ಲ. ಒಬ್ಬರು ತಪ್ಪು ಮಾಹಿತಿ ನಂಬಿ ತಮ್ಮನ್ನು ತಾವೇ ಬೈದುಕೊಳ್ಳುತ್ತಿದ್ದಾರೆ, ಸರಿ ಮಾಹಿತಿ ನನ್ನ ಹತ್ತಿರ ಇದೆ, ಆದರೂ ನಾನು ತಲೆಯಾಡಿಸುತ್ತಾ ನಿಮಗೆ ಹೇಗನಿಸುತ್ತೆ ಅಂತ ಕೇಳುತ್ತಾ ಕೂತರೆ ಅದು ತಟಸ್ಥವಾಗಿರುವುದಲ್ಲ, ಆ ಬೈಗುಳಕ್ಕೆ ನಾನೂ ಒಪ್ಪಿದ ಹಾಗೆ. ಈ ಟ್ರೀಟ್‌ಮೆಂಟ್ ಏನೂ ಕೆಲಸ ಮಾಡದೇ ಇದ್ದಿದ್ದರೆ ಆಕೆ ಒಂದೇ ತಿಂಗಳಲ್ಲಿ ಬಿಟ್ಟಿರುತ್ತಿದ್ದರು. ಎರಡು ದಿನ ಕೆಲಸ ಮಾಡುತ್ತದೆ, ಅದೇ ಕಷ್ಟ. ಆ ಎರಡು ದಿನ ನಯವಾಗಿ ಕಂಡದ್ದಕ್ಕೆ ಯಂತ್ರಕ್ಕೆ ಹೊಗಳಿಕೆ, ಮೂರನೇ ದಿನ ಗುಳಿ ಬಂದಿದ್ದಕ್ಕೆ ಆಕೆಗೆ ಬೈಗುಳ. ನೂರಕ್ಕೆ ಎಂಬತ್ತು ಹೆಂಗಸರಿಗೆ ಇರುವ ಒಂದು ವಿಷಯಕ್ಕೆ ಒಬ್ಬ ಹೆಂಗಸು ವಾರದಲ್ಲಿ ಐದು ದಿನ ಬಾಗಿಲಿಗೆ ಚಿಲಕ ಹಾಕಿಕೊಂಡು ಬದುಕಬೇಕಾ? ನನಗೆ ಇದು ಸಿಟ್ಟು ತರಿಸುತ್ತದೆ, ಮುಚ್ಚಿಡುವುದಿಲ್ಲ.

ಕೊಟ್ಟ ಸಲಹೆ ಇಷ್ಟು. ಮೊದಲು ಒಬ್ಬ ಚರ್ಮದ ಡಾಕ್ಟರಿಗೆ ಕಾಲು ತೋರಿಸಿ, ಪ್ಯಾಕೇಜ್ ಮಾರದ ಡಾಕ್ಟರಿಗೆ. ಅಲ್ಲಿಯವರೆಗೆ ಹೊಸದಾಗಿ ಹಣ ಕಟ್ಟಬೇಡಿ. ಸಕ್ಷನ್ ಬಿಡಿ ಅಂತ ನಾನು ಹೇಳಲಿಲ್ಲ, ಉಳಿದ ಸಿಟಿಂಗ್‌ಗಳಿಗೆ ಹೋಗುವುದಿದ್ದರೆ ಹೋಗಿ, ಆದರೆ ಟೇಪ್ ಮತ್ತು ಫೋಟೋ ನಿಲ್ಲಿಸಿ ಅಂದೆ. ಯಾಕೆಂದರೆ ದಿನವೂ ಪರೀಕ್ಷಿಸಿದಷ್ಟೂ ಕಣ್ಣು ಅದನ್ನೇ ಹುಡುಕುತ್ತದೆ. ಮೇಲಿನಿಂದ ಬೀಳುವ ಬೆಳಕಿನಲ್ಲಿ ಯಾರ ತೊಡೆಯಲ್ಲಾದರೂ ನೆರಳು ಬಿದ್ದು ಗುಳಿ ಆಳವಾಗಿ ಕಾಣುತ್ತದೆ. ಜಾಹೀರಾತಿನ 'ಮೊದಲು-ನಂತರ' ಚಿತ್ರಗಳಲ್ಲೂ ಬೆಳಕು, ನಿಂತ ಭಂಗಿ ಒಂದೇ ಇದೆಯಾ ಅಂತ ನೋಡಿ ಅಂದೆ.

ಕಷ್ಟದ ಸಲಹೆ ಇನ್ನೊಂದಿತ್ತು. ಬುಧವಾರ ಅಲ್ಲದ ಒಂದು ದಿನ ಗಂಡನಿಗೆ ನಿಜ ಹೇಳಿ. "ಅವರು ನೋಡಿ ಅಸಹ್ಯ ಪಟ್ಕೊಂಡ್ರೆ?" ಅಂತ ಕೇಳಿದರು. ಹಾಗೆ ಆಗಲ್ಲ ಅಂತ ನಾನು ಭರವಸೆ ಕೊಡಲಿಲ್ಲ, ಕೊಡಲಿಕ್ಕೆ ನನಗೆ ಅವರ ಗಂಡ ಗೊತ್ತಿಲ್ಲ. ಈಗ ಅವರು ತಾವೇ ಬೇಡವಾಗಿದ್ದೇನೆ ಅಂದುಕೊಂಡಿದ್ದಾರೆ, ಅದಕ್ಕಿಂತ ನಿಜ ಕೆಟ್ಟದಾಗಿರುತ್ತಾ ಯೋಚಿಸಿ ಅಂತ ಮಾತ್ರ ಹೇಳಿದೆ.

ಆಕೆ ಹೇಳಿದ ದಿನ ಶನಿವಾರ. ಗಂಡ ಮೊದಲು ಕೇಳಿದ್ದು ತೊಡೆ ಬಗ್ಗೆ ಅಲ್ಲ, "ಹಾಗಾದ್ರೆ ನನ್ನ ಮೇಲೆ ಕೋಪ ಇಲ್ವಾ?" ಅಂತ. ಆಮೇಲೆ ಅವರಿಗೂ ಬೇಜಾರಾಯಿತು, ಇಷ್ಟು ದಿನ ಸುಳ್ಳು ಹೇಳಿದ್ದಕ್ಕೆ. ಒಂದು ವಾರ ಮನೆಯಲ್ಲಿ ಮಾತು ಬಿಗಿಯಾಗೇ ಇತ್ತು. ಚರ್ಮದ ಡಾಕ್ಟರ್ ನೋಡಿ ಏನೂ ತೊಂದರೆ ಇಲ್ಲ ಅಂದರು. ಮೂರನೇ ಪ್ಯಾಕೇಜ್ ಕಟ್ಟಲಿಲ್ಲ. ಉಳಿದಿದ್ದ ಒಂದು ಸಿಟಿಂಗ್‌ಗೆ ಹೋಗಿ ಬಂದರು, ಮಸಾಜ್ ಹಿತವಾಗಿರುತ್ತೆ ಅಂತ. ಅದರಲ್ಲಿ ತಪ್ಪೇನಿಲ್ಲ. ದೀಪದ ವಿಷಯದಲ್ಲಿ ಇನ್ನೂ ಹಿಂಜರಿಕೆ ಇದೆ, ಅದರ ಮೇಲೆ ನಾವು ಈಗಲೂ ಕೆಲಸ ಮಾಡುತ್ತಿದ್ದೇವೆ.

ಓದುವವರಲ್ಲಿ ಯಾರಿಗಾದರೂ ಇದೇ ಪರಿಸ್ಥಿತಿ ಇದ್ದರೆ ಒಂದು ಲೆಕ್ಕ ಹಾಕಿ ನೋಡಿ. ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಹೊತ್ತು ಇದೇ ಯೋಚನೆ ಬರುತ್ತಾ, ಇದಕ್ಕೋಸ್ಕರ ಕೆಲಸ, ಸಂಬಂಧ, ಹೊರಗೆ ಹೋಗುವುದು ತಪ್ಪುತ್ತಿದೆಯಾ? ಹಾಗಿದ್ದರೆ ಇನ್ನೊಂದು ಕ್ಲಿನಿಕ್ ಹುಡುಕುವ ಮುಂಚೆ ಮನೋವೈದ್ಯರನ್ನೋ ಸಲಹೆಗಾರರನ್ನೋ ನೋಡಿ. ಬಾಡಿ ಡಿಸ್ಮಾರ್ಫಿಕ್ ಡಿಸಾರ್ಡರ್, ಅಂದರೆ ದೇಹದ ಸಣ್ಣ ಕುಂದಿನ ಬಗ್ಗೆಯೇ ಮನಸ್ಸು ಬಿಡದೆ ಕೊರಗುವ ಸ್ಥಿತಿ, ಇದ್ದರೆ ದೇಹಕ್ಕೆ ಮಾಡುವ ಟ್ರೀಟ್‌ಮೆಂಟ್‌ನಿಂದ ನೆಮ್ಮದಿ ಸಿಗುವುದು ಅಪರೂಪ, ಮಾತಿನ ಚಿಕಿತ್ಸೆ ಮತ್ತು ಬೇಕಾದರೆ ಮಾತ್ರೆ ಅದಕ್ಕೆ ಉಪಯೋಗ ಆಗುತ್ತವೆ.

ಇನ್ನು ಸಕ್ಷನ್ ಮಾಡಿಸಲೇಬೇಕು ಅನ್ನುವವರಿಗೆ: ರಕ್ತ ತೆಳುವಾಗುವ ಮಾತ್ರೆ ತಗೋತಿದ್ದರೆ, ಕಾಲಿನ ನರ ಉಬ್ಬಿದ್ದರೆ, ಹಿಂದೆ ರಕ್ತ ಹೆಪ್ಪುಗಟ್ಟಿದ್ದರೆ, ಬಸುರಿಯಾಗಿದ್ದರೆ ಡಾಕ್ಟರನ್ನು ಕೇಳದೆ ಹೋಗಬೇಡಿ. ಎರಡೂ ಕಾಲು ಒಂದೇ ರೀತಿ ದಪ್ಪಗಾಗಿ, ಮುಟ್ಟಿದರೆ ನೋವು, ಸುಮ್ನೆ ಸುಮ್ನೆ ಚರ್ಮ ಕಂದುಗಟ್ಟುತ್ತಿದ್ದು ಪಾದ ಮಾತ್ರ ಮಾಮೂಲಾಗಿದ್ದರೆ ಅದು ಸೆಲ್ಯುಲೈಟ್ ಅಲ್ಲ, ಕಾಲಿನಲ್ಲಿ ಕೊಬ್ಬು ಅತಿಯಾಗಿ ಸೇರಿಕೊಳ್ಳುವ ಲಿಪೆಡಿಮಾ ಅನ್ನುವ ಕಾಯಿಲೆ ಇರಬಹುದು, ತೋರಿಸಿ. ಒಂದೇ ಕಾಲು ಇದ್ದಕ್ಕಿದ್ದ ಹಾಗೆ ಊದಿಕೊಂಡು ನೋವಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಿ.