ಮಾತು ಬರುತ್ತೆ, ಕೇಳೋರೇ ಇಲ್ಲ: ಕಲಬುರಗಿಯ ಒಂದು ಪ್ರಕರಣ

ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಬರೆಯೋದಕ್ಕೆ ಅವರ ಒಪ್ಪಿಗೆ ಇದೆ.

ಈಕೆ ಕೃಷಿ ಪದವೀಧರೆ. ಕಲಬುರಗಿ ಜಿಲ್ಲೆಯ ಹಳ್ಳಿಗಳಲ್ಲಿ ಸಭೆ ಮಾಡಿ ತೊಗರಿ ಬೆಳೆಗಾರರಿಗೆ ತಿಳುವಳಿಕೆ ಕೊಡೋದು ಕೆಲಸ. ನನ್ನ ಹತ್ರ ಆಪ್ತಸಲಹೆಗೆ ಬಂದು ಕೂತ ತಕ್ಷಣ ಹೇಳಿದ್ದು, "ಸರ್, ನನಗೆ ಸ್ಟೇಜ್ ಫಿಯರ್. ಈ ಕೆಲಸ ಬಿಡ್ತೀನಿ."

ಸಭೆಯ ಹಿಂದಿನ ರಾತ್ರಿ ನಿದ್ದೆ ಬರಲ್ಲ. ಬಾಯಿ ಒಣಗುತ್ತೆ, ಕೈ ನಡುಗುತ್ತೆ. ಆದರೆ ಮಾತು ನಿಲ್ಲಲ್ಲ. ಪ್ರೊಜೆಕ್ಟರ್ ಹಾಕಿ, ಬರೆದುಕೊಂಡು ಹೋಗಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿ ಮುಗಿಸುತ್ತಾರೆ, ಅಷ್ಟರಲ್ಲಿ ಅರ್ಧ ಜನ ಎದ್ದು ಹೋಗಿರುತ್ತಾರೆ. ಒಂದು ಸಭೆಯಲ್ಲಿ, ತೊಗರಿ ಗಿಡ ನಿಂತಲ್ಲೇ ಒಣಗಿಹೋಗೋ ನೆಟೆ ರೋಗದ ಬಗ್ಗೆ ಎಲ್ಲ ಹೇಳಿ ಮುಗಿಸಿದ ಮೇಲೆ ಹಿರಿಯ ರೈತರೊಬ್ಬರು, "ಚಲೋ ಹೇಳಿದ್ರಿ ಮೇಡಂ, ಮತ್ತ ಯಾವ ಎಣ್ಣಿ ಹೊಡೀಬೇಕು?" ಎಂದರಂತೆ. ಆಕೆ ಅಷ್ಟು ಹೊತ್ತೂ ಹೇಳಿದ್ದು ಔಷಧಿ ಹೊಡೆದು ಪ್ರಯೋಜನ ಇಲ್ಲ ಅಂತಲೇ! ಅವತ್ತು ಮನೆಗೆ ಬಂದು ಅತ್ತುಬಿಟ್ಟರಂತೆ.

ನಾನು ಒಂದೇ ಪ್ರಶ್ನೆ ಕೇಳಿದೆ. ಆ ಸಭೆಯಲ್ಲಿ ನಿಮ್ಮ ಎದುರಿಗೆ ಯಾರ್ಯಾರು ಕೂತಿದ್ದರು? ಬಹಳ ಹೊತ್ತು ಯೋಚನೆ ಮಾಡಿದರು. ಒಂದು ಮುಖವೂ ನೆನಪಾಗಲಿಲ್ಲ. ಆದರೆ ತಮ್ಮ ದನಿ ಯಾವಾಗ ನಡುಗಿತು, ಯಾವ ಸ್ಲೈಡಿನಲ್ಲಿ ತಡವರಿಸಿದರು ಅನ್ನೋದು ಮಾತ್ರ ಸ್ಪಷ್ಟವಾಗಿ ನೆನಪಿತ್ತು.

ನನ್ನ ಪ್ರಕಾರ ಸಮಸ್ಯೆ ಇರೋದು ಇಲ್ಲೇ. ಇಡೀ ಹೊತ್ತು ಗಮನ ತಮ್ಮ ಮೇಲೇ ಇದ್ದರೆ ಭಯ ಜಾಸ್ತಿ ಆಗುತ್ತೆ, ಎದುರಿಗಿದ್ದವರು ಕಾಣೋದೇ ಇಲ್ಲ, ಅವರು ಕಾಣದಿದ್ದರೆ ಅವರಿಗೆ ಎಲ್ಲಿ ಅರ್ಥ ಆಗಲಿಲ್ಲ ಅನ್ನೋದೂ ಗೊತ್ತಾಗಲ್ಲ. ಸುಮ್ನೆ "ಧೈರ್ಯ ತಗೊಳ್ಳಿ" ಅಂದರೆ ಇದು ಹೋಗಲ್ಲ.

ಉಸಿರಾಟದ ಅಭ್ಯಾಸ ಹೇಳಿಕೊಟ್ಟೆ. ಮೆಲ್ಲಗೆ ಒಳಗೆ, ಇನ್ನೂ ಮೆಲ್ಲಗೆ ಹೊರಗೆ. ನಿದ್ದೆಯ ತೊಂದರೆ ಮುಂದುವರಿದರೆ ಮನೋವೈದ್ಯರನ್ನು ಕಾಣಿ, ರಾತ್ರಿ ಹೊತ್ತಿನಲ್ಲಿ ತೀರಾ ಕಷ್ಟವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು ಅಂತಲೂ ಹೇಳಿದೆ.

ಜಾಸ್ತಿ ಹೊತ್ತು ಕೂತು ಮಾತಾಡಿದ್ದು ಸಭೆಯ ಬಗ್ಗೆ. ಅರ್ಧ ಗಂಟೆ ಮೊದಲೇ ಹೋಗಿ, ಗುಡಿ ಕಟ್ಟೆ ಮೇಲೆ ಜನರ ಜೊತೆ ಕೂತುಕೊಳ್ಳಿ ಅಂದೆ. "ತೊಗರಿ ಹ್ಯಾಂಗ ಅದರಿ ಈ ಸಲ?" ಅಂತ ಕೇಳಿ ಬಾಯಿ ಮುಚ್ಚಿಕೊಂಡು ಕೇಳಿಸಿಕೊಳ್ಳಿ. 2022ರ ಹಂಗಾಮಿನಲ್ಲಿ ನೆಟೆ ರೋಗಕ್ಕೆ ಎಷ್ಟು ತೊಗರಿ ಒಣಗಿಹೋಯಿತು ಅನ್ನೋದು ಈ ಭಾಗದವರಿಗೆ ಮರೆಯೋ ವಿಷಯ ಅಲ್ಲ. ನಷ್ಟ ಆದವರ ಮಾತು ಮೊದಲು ಹೊರಗೆ ಬರಬೇಕು. ಅವರು ಹೇಳಿದ್ದರಿಂದಲೇ ನಿಮ್ಮ ಮಾತು ಶುರುವಾಗಲಿ.

ಪ್ರೊಜೆಕ್ಟರ್ ಬಿಡಿ, ಒಣಗಿದ ಒಂದು ತೊಗರಿ ಗಿಡ ಬೇರುಸಮೇತ ತಗೊಂಡು ಹೋಗಿ ಅಂದೆ. ಕಾಂಡವನ್ನು ನೀವು ಸೀಳಬೇಡಿ, ರೈತರ ಕೈಗೇ ಕೊಡಿ. ಒಳಗೆ ಕಂದು ಕಪ್ಪು ಗೆರೆ ಕಾಣುತ್ತೆ. ಮಣ್ಣಿನಲ್ಲಿರೋ ಶಿಲೀಂಧ್ರ ಬೇರಿನಿಂದ ಹೊಕ್ಕು ನೀರು ಏರೋ ದಾರಿಯನ್ನೇ ಕಟ್ಟಿರುತ್ತೆ, ಅದಕ್ಕೇ ಹೂ, ಕಾಯಿ ಬರೋ ಹೊತ್ತಿಗೆ ಗಿಡ ನಿಂತಲ್ಲೇ ಒಣಗುತ್ತೆ. ಆ ಗೆರೆ ಕಣ್ಣಾರೆ ಕಂಡವರು ಎಲೆ ಮೇಲೆ ಯಾವ ಎಣ್ಣಿ ಹೊಡೀಬೇಕು ಅಂತ ಕೇಳೋದು ಕಡಿಮೆ ಆಗುತ್ತೆ, ಅಲ್ವಾ? ಒಂದು ಸಭೆಗೆ ಒಂದೇ ವಿಷಯ ಇಟ್ಟುಕೊಳ್ಳಿ. ಟ್ರೈಕೋಡರ್ಮಾ ಅನ್ನೋ ಉಪಕಾರಿ ಶಿಲೀಂಧ್ರವನ್ನು ಬಿತ್ತೋ ಮೊದಲು ಬೀಜಕ್ಕೆ ಹಚ್ಚೋ ಬೀಜೋಪಚಾರ ಆಗಿದ್ದರೆ ಅದೊಂದೇ. ಕೊನೆಗೆ "ಅರ್ಥ ಆಯ್ತಾ?" ಅನ್ನಬೇಡಿ, ಎಲ್ಲರೂ ಹೂಂ ಅಂದುಬಿಡುತ್ತಾರೆ. "ಬಿತ್ತೋ ಮೊದಲು ಬೀಜಕ್ಕೆ ಏನು ಮಾಡ್ತೀರಿ, ಹೇಳಿ ನೋಡೋಣ" ಅಂತ ಕೇಳಿ.

ಮುಂದಿನ ಸಭೆ ಮುಗಿಸಿ ಬಂದಾಗ ಮೊದಲು ಅವರು ಹೇಳಿದ್ದು ಜನರ ಬಗ್ಗೆ. ಯಾರು ಗಿಡ ಸೀಳಿದರು, ಅದನ್ನು ಕೈಯಿಂದ ಕೈಗೆ ಹೇಗೆ ದಾಟಿಸಿದರು, ಯಾರು ಸಿಟ್ಟಾದರು. ರೋಗ ಬಂದ ಹೊಲದಲ್ಲಿ ಬೆಳೆ ಬದಲಿಸೋ ಮಾತು ಬಂದಾಗ ಒಬ್ಬರು ಎದ್ದು ನಿಂತು, "ತೊಗರಿ ಬಿಟ್ಟು ಜ್ವಾಳ ಹಾಕಿದ್ರ ಸಾಲ ಯಾರ್ ತೀರಸ್ತಾರ?" ಅಂದರಂತೆ. ಕೈ ಆಗಲೂ ನಡುಗಿತಂತೆ. ಆದರೂ "ನಿಮ್ಮ ಮಾತು ಖರೆ ಅದ, ಇದಕ್ಕ ಈಗ ನನ್ನ ಹತ್ರ ಉತ್ತರ ಇಲ್ಲ, ವಿಜ್ಞಾನಿಗಳನ್ನ ಕೇಳಿ ಹೇಳ್ತೀನಿ" ಎಂದರಂತೆ. ಈ ಮಾತು ನಾನು ಹೇಳಿಕೊಟ್ಟಿದ್ದಲ್ಲ. ಆಮೇಲೆ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ ಅದೇ ಊರಿಗೆ ಮತ್ತೆ ಹೋದರು. ತೊಗರಿ ಪೂರ್ತಿ ಬಿಡಬೇಕಾಗಿಲ್ಲ, ರೋಗ ಬಂದ ತುಂಡಿನಲ್ಲಿ ಮಾತ್ರ ಬೆಳೆ ಬದಲಿಸಿ, ಇಲ್ಲಾ ತೊಗರಿ ಸಾಲುಗಳ ನಡುವೆ ಜೋಳ ಹಾಕಿ ನೋಡಿ ಅಂತ ಹೇಳಿದರು. ಸಿಟ್ಟಾಗಿದ್ದ ರೈತ ಪೂರ್ತಿ ಒಪ್ಪಿಲ್ಲ. ಆದರೆ ಈ ಸಲ ಎದ್ದು ಹೋಗದೆ ಕೊನೆವರೆಗೂ ಕೂತಿದ್ದರಂತೆ.

ಕೆಲಸ ಬಿಡೋ ಮಾತು ಈಗ ಇಲ್ಲ. ನಿದ್ದೆ ಇನ್ನೂ ಪೂರ್ತಿ ಸರಿಹೋಗಿಲ್ಲ, ಅದನ್ನು ನೋಡುತ್ತಿದ್ದೇವೆ. ಈಗ ಅವರಾಗೇ ಇನ್ನೊಂದು ಪ್ರಶ್ನೆ ತಂದಿದ್ದಾರೆ. ಬೀಜ ಹಸನು ಮಾಡೋದು, ಎತ್ತಿಡೋದು ಬಹಳಷ್ಟು ಮನೆಗಳಲ್ಲಿ ಹೆಣ್ಣುಮಕ್ಕಳು, ಆದರೆ ಸಭೆಯಲ್ಲಿ ಕೂರೋರು ಬರೀ ಗಂಡಸರು. ಆ ಹೆಣ್ಣುಮಕ್ಕಳಿಗೆ ಯಾವ ಹೊತ್ತು ಬಿಡುವು, ಎಲ್ಲಿ ಕೂತರೆ ಬಾಯಿಬಿಟ್ಟು ಮಾತಾಡುತ್ತಾರೆ ಅಂತ ಅವರನ್ನೇ ಕೇಳಿಕೊಂಡು ಬನ್ನಿ ಅಂದಿದ್ದೇನೆ.