ಘಟ್ಟ ಇಳಿದು ಕಡಲಿಗೆ ಗಾಳ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಕಾವೇರಿ ಹೊಳೆಯಲ್ಲಿ ಗಾಳ ಹಾಕಿ ನನಗೆ ಅಭ್ಯಾಸವಿದೆ. ಈ ಬೇಸಿಗೆ ರಜೆಯಲ್ಲಿ ಮಗನನ್ನು ಕರೆದುಕೊಂಡು ಸಮುದ್ರಕ್ಕೆ ಹೋಗಬೇಕೆಂದಿದ್ದೇನೆ. ನಮ್ಮಲ್ಲಿ ದೋಣಿಯಿಲ್ಲ. ವಿದೇಶಗಳಲ್ಲಿರುವಂತೆ ಸಾರ್ವಜನಿಕ ಕಡಲ ಸೇತುವೆಯ ಮೇಲೆ ನಿಂತು ಮೀನು ಹಿಡಿಯುವ ಅವಕಾಶ ನಮಗೆ ಹತ್ತಿರದಲ್ಲಿ ಎಲ್ಲಿದೆ? ಹೊಳೆಯ ರಾಡ್ ಅಲ್ಲಿಗೆ ಸಾಕಾಗುತ್ತದೆಯೇ?
– ಕೆ. ಬಿ., ವಿರಾಜಪೇಟೆ

ಉತ್ತರ: ನಿಮಗೆ ಸಮೀಪದ ಕಡಲ ಸೇತುವೆ ತಲಶ್ಶೇರಿಯದು. ಸಾಂಬಾರ ಪದಾರ್ಥಗಳನ್ನು ಹಡಗಿಗೆ ಸಾಗಿಸಲೆಂದು 1910ರಲ್ಲಿ ಕಟ್ಟಿದ ಆ ಸೇತುವೆ ಈಗ ಶಿಥಿಲವಾಗಿರುವುದರಿಂದ ಅದನ್ನು ದಡದಲ್ಲಿ ನಿಂತು ನೋಡಬಹುದೇ ಹೊರತು ಅದರ ಮೇಲೆ ಹತ್ತಬಾರದು. ಮಲ್ಪೆಯ ಸೀ ವಾಕ್ ಸುಭದ್ರವಾಗಿದೆ, ಆದರೆ ಅದು ವಿಹಾರಕ್ಕೆ ಬಂದವರ ಜಾಗ. ಅಷ್ಟು ಜನರ ನಡುವೆ ರಾಡ್ ಬೀಸಿದರೆ ಗಾಳ ನೀರಿಗೆ ಬೀಳುವ ಮೊದಲು ಯಾರ ಕಿವಿಗೆ ಸಿಕ್ಕಿಕೊಳ್ಳುತ್ತದೆಂದು ಹೇಳಲಾಗದು. ನಮ್ಮ ಕರಾವಳಿಯಲ್ಲಿ ಗಾಳದವರು ಸಾಮಾನ್ಯವಾಗಿ ನಿಲ್ಲುವುದು ಅಳಿವೆಗಳಲ್ಲಿ ಬಂಡೆ ಪೇರಿಸಿ ಕಟ್ಟಿದ ಅಲೆ ತಡೆಗೋಡೆಗಳ ಮೇಲೆ. ಕೇರಳದವರು ಅದನ್ನು ಪುಲಿಮುಟ್ಟು ಎನ್ನುತ್ತಾರೆ.

ಕಾವೇರಿ ಪೂರ್ವಕ್ಕೆ ಹರಿದರೂ ಕೊಡಗಿನ ಮಳೆಯ ಒಂದು ಪಾಲು ಪಶ್ಚಿಮಕ್ಕೇ ಇಳಿಯುತ್ತದೆ. ಬರಪೊಳೆಯ ನೀರು ವಳಪಟ್ಟಣಂ ಹೊಳೆಯನ್ನು ಕೂಡಿ ಕಣ್ಣೂರಿನ ಅಳಿಕ್ಕಲ್ ಬಳಿ, ಪಯಸ್ವಿನಿ ಚಂದ್ರಗಿರಿಯಾಗಿ ಕಾಸರಗೋಡಿನ ಬಳಿ, ಕುಮಾರಧಾರಾ ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಸೇರಿ ಮಂಗಳೂರಿನ ಬಳಿ ಕಡಲನ್ನು ಮುಟ್ಟುತ್ತದೆ. ಮಾಕುಟ್ಟ ಘಾಟಿ ಇಳಿದು ಇರಿಟ್ಟಿ, ಮಟ್ಟನ್ನೂರಿನ ದಾರಿಯಲ್ಲಿ ಹೋಗುವ ನಿಮಗೆ ಅಳಿಕ್ಕಲ್‌ನ ತಡೆಗೋಡೆಯೇ ಅನುಕೂಲ. ಮಡಿಕೇರಿ ಕಡೆಯವರು ಸಂಪಾಜೆ ಮಾರ್ಗವಾಗಿ ಸುಮಾರು 140 ಕಿ.ಮೀ. ಕ್ರಮಿಸಿ ಉಳ್ಳಾಲದ ಕೋಟೆಪುರಕ್ಕೆ ಹೋಗಬಹುದು. ಹಡಗು ನಿಲ್ಲುವ ದೊಡ್ಡ ಬಂದರಿನ ಆವರಣಕ್ಕೆ ಮಾತ್ರ ಪ್ರವೇಶವಿಲ್ಲವೆಂದು ತಿಳಿಯಿರಿ.

ಇನ್ನು ರಾಡ್‌ನ ವಿಚಾರಕ್ಕಿಂತ ಮೊದಲು ನೀರಿನ ವಿಚಾರ, ಏಕೆಂದರೆ ಹೊಳೆಯಲ್ಲಿ ಪಳಗಿದವರು ಕಡಲಿನಲ್ಲಿ ಬರಿಗೈಯಾಗುವುದು ಹೆಚ್ಚಾಗಿ ಇಲ್ಲಿಯೇ. ಹೊಳೆ ಒಂದೇ ದಿಕ್ಕಿಗೆ ಹರಿಯುತ್ತದೆ. ಅಳಿವೆಯ ನೀರು ಸುಮಾರು ಆರು ಗಂಟೆ ಒಳಕ್ಕೆ ನುಗ್ಗಿ, ಮತ್ತೆ ಅಷ್ಟೇ ಹೊತ್ತು ಹೊರಕ್ಕೆ ಎಳೆಯುತ್ತದೆ, ಮತ್ತು ಈ ಉಬ್ಬರದ ವೇಳೆ ದಿನಕ್ಕೆ ಸುಮಾರು 50 ನಿಮಿಷದಂತೆ ಮುಂದಕ್ಕೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತ ಜೋರಾಗಿರುತ್ತದೆ. ಅಷ್ಟಮಿಯ ಹೊತ್ತಿಗೆ ಮಂದವಾಗುತ್ತದೆ. ಆದ್ದರಿಂದ ರಜೆಯ ಯಾವ ದಿನ ಹೊರಡಬೇಕೆಂಬುದನ್ನು ಗೋಡೆಯ ಮೇಲಿನ ಕ್ಯಾಲೆಂಡರಿನ ತಿಥಿ ನೋಡಿಯೂ ಅಂದಾಜಿಸಬಹುದು. ನಿಖರವಾದ ವೇಳೆಗೆ ಮೊಬೈಲಿನಲ್ಲಿ ಉಬ್ಬರವಿಳಿತದ ಪಟ್ಟಿ ಸಿಗುತ್ತದೆ. ಬೇಸಿಗೆಯಲ್ಲಿ ಹೊಳೆಯ ನೀರು ಕ್ಷೀಣಿಸಿ ಉಪ್ಪುನೀರು ಅಳಿವೆಯೊಳಗೆ ಬಹುದೂರ ಬರುವುದರಿಂದ ಕಡಲ ಮೀನುಗಳೂ ಉಬ್ಬರದೊಡನೆ ಒಳಗೆ ಬರುತ್ತವೆ. ಇಳಿತ ಆರಂಭವಾದಾಗ ಒಳಗಿನ ಸಿಗಡಿ, ಮರಿಮೀನುಗಳು ನೀರಿನೊಡನೆ ಹೊರಬೀಳುತ್ತವೆ, ಅವುಗಳನ್ನು ತಿನ್ನಲು ಅಳಿವೆಯ ಬಾಯಿಯಲ್ಲಿ ದೊಡ್ಡ ಮೀನುಗಳು ಕಾದಿರುತ್ತವೆ. ನೀರು ನಿಶ್ಚಲವಾಗಿರುವ ನಡುವಿನ ಅವಧಿಯಲ್ಲಿ ಎಷ್ಟು ಒಳ್ಳೆಯ ಗಾಳ ಹಾಕಿದರೂ ಮೀನು ಮುಟ್ಟುವುದು ಅಪರೂಪ. ಆ ಹೊತ್ತನ್ನು ಊಟಕ್ಕೆ ಇಟ್ಟುಕೊಳ್ಳಿ. ಉಬ್ಬರದ ಕೊನೆಯ ಒಂದೆರಡು ಗಂಟೆ ಮುಂಜಾನೆಯೊಡನೆ ಕೂಡಿಬರುವ ದಿನವನ್ನು ಆರಿಸಿಕೊಂಡರೆ ಮಗನಿಗೆ ಬಿಸಿಲಿನ ಕಾಟವೂ ಇರುವುದಿಲ್ಲ.

ಹೊಳೆಯ ರಾಡ್ ಗಟ್ಟಿಯಾಗಿದ್ದರೆ ಅದೇ ಸಾಕು. ಮೊದಲ ಸಲಕ್ಕೆ ಕಾಣೆ ಮೀನಿಗೆ ಪ್ರಯತ್ನಿಸಿ. ಅದು ಅಳಿವೆಯ ಮರಳು ತಳದಲ್ಲಿ ಮೇಯುವ, ಚಿಕ್ಕ ಬಾಯಿಯ ಮೀನು. ಆದ್ದರಿಂದ ಸಣ್ಣ ಗಾಳ ಬೇಕು. ಎರೆಯಾಗಿ ಕರಾವಳಿಯವರು ಎಟ್ಟಿ ಎನ್ನುವ ಹಸಿ ಸಿಗಡಿಯನ್ನು ಬೆಳಿಗ್ಗೆ ದಕ್ಕೆಯಲ್ಲಿ ಕೊಳ್ಳಿ. ಸಿಪ್ಪೆ ಬಿಡಿಸಿ, ಬೆರಳ ಉಗುರಿನಷ್ಟು ತುಂಡು ಮಾಡಿ, ಗಾಳದ ಮೊನೆ ಸ್ವಲ್ಪವೇ ಹೊರಗೆ ಕಾಣುವಂತೆ ಪೋಣಿಸಬೇಕು. ತುಂಡು ದೊಡ್ಡದಾದರೆ ಕಾಣೆ ಅಂಚನ್ನಷ್ಟೇ ಕಚ್ಚಿ ತಿಂದು ಹೋಗುತ್ತದೆ. ಬಂಡೆಗಳ ಸಂದಿನಲ್ಲಿ ಸೀಸದ ತೂಕ ಸಿಕ್ಕಿಕೊಳ್ಳುವುದು ತಪ್ಪಿದ್ದಲ್ಲ. ಅದಕ್ಕೆ ಉಪಾಯವೆಂದರೆ, ತೂಕವನ್ನು ಮುಖ್ಯ ದಾರಕ್ಕೆ ನೇರವಾಗಿ ಕಟ್ಟದೆ, ಅದಕ್ಕಿಂತ ತೆಳುವಾದ ಬೇರೊಂದು ದಾರದ ತುಂಡಿನಿಂದ ತೂಗುಬಿಡುವುದು. ಎಳೆದಾಗ ಆ ತೆಳುದಾರವಷ್ಟೇ ತುಂಡಾಗಿ ಗಾಳವೂ ಮೀನೂ ಕೈಗೆ ಬರುತ್ತವೆ. ಹೆಣೆದ ದಾರ ಚಿಪ್ಪು ಬೆಳೆದ ಬಂಡೆಗೆ ಉಜ್ಜಿದರೆ ಕ್ಷಣದಲ್ಲಿ ಕತ್ತರಿಸಿಹೋಗುವುದರಿಂದ ತುದಿಗೆ ಒಂದು ಮಾರಿನಷ್ಟು ದಪ್ಪ ನೈಲಾನ್ ಕಟ್ಟಿಕೊಳ್ಳಿ. ಮನೆಗೆ ಬಂದ ಮೇಲೆ ರಾಡ್, ರೀಲ್‌ಗಳನ್ನು ಸಿಹಿನೀರಿನಲ್ಲಿ ಮೆಲ್ಲಗೆ ತೊಳೆಯಿರಿ. ಪೈಪಿನ ರಭಸದ ನೀರು ಉಪ್ಪನ್ನು ರೀಲಿನೊಳಕ್ಕೇ ತಳ್ಳುತ್ತದೆ.

ಗಾಳಕ್ಕೆ ತೇಡೆ ಎಂಬ ಮೀಸೆಯ ಮೀನು ಬಿದ್ದರೆ ಮಗನಿಗೆ ಮುಟ್ಟಲು ಬಿಡಬೇಡಿ. ಅದರ ಬೆನ್ನಿನ ಮತ್ತು ಎರಡು ಪಕ್ಕಗಳ ಮುಳ್ಳು ವಿಷದವು. ಚುಚ್ಚಿದರೆ ಚರ್ಮ ತಾಳಿಕೊಳ್ಳುವಷ್ಟು, ಅಂದರೆ ಸುಮಾರು 45 ಡಿಗ್ರಿಯಷ್ಟು ಬಿಸಿನೀರಿನಲ್ಲಿ ಆ ಭಾಗವನ್ನು ಮುಳುಗಿಸಿಟ್ಟರೆ ನೋವು ತಗ್ಗುತ್ತದೆ, ಏಕೆಂದರೆ ಆ ವಿಷ ಶಾಖಕ್ಕೆ ಶಕ್ತಿಗುಂದುತ್ತದೆ. ಅನಂತರ ವೈದ್ಯರನ್ನು ಕಾಣಬೇಕು. ತಡೆಗೋಡೆಯ ಮೇಲೆ ಒಣಗಿದ ಬಂಡೆಗಳ ಮೇಲಷ್ಟೇ ಕಾಲಿಡಿ. ಹಸಿರು ಪಾಚಿ ಕಟ್ಟಿದ ಗೆರೆಯವರೆಗೆ ಉಬ್ಬರದ ನೀರು ಬರುತ್ತದೆಂದೇ ಅರ್ಥ, ಮತ್ತು ಆ ಪಾಚಿ ಆಟಿ ತಿಂಗಳಿನ ನಮ್ಮ ಅಂಗಳದ ಮೆಟ್ಟಿಲಿನಷ್ಟೇ ಜಾರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಕರ್ನಾಟಕದಲ್ಲಿರುವ ಮೀನುಗಾರಿಕೆ ನಿಷೇಧ ಯಾಂತ್ರೀಕೃತ ದೋಣಿಗಳಿಗೆ ಸಂಬಂಧಿಸಿದ್ದೇ ಹೊರತು ದಡದ ಗಾಳಕ್ಕಲ್ಲ. ಹಾಗೆಂದು ಮಳೆಗಾಲದ ಅಲೆಗಳ ಮುಂದೆ ತಡೆಗೋಡೆ ಹತ್ತುವುದು ಹುಚ್ಚುತನ. ಮೇ ತಿಂಗಳ ಕೊನೆಯಲ್ಲಿ ಕಡಲು ಕೆರಳತೊಡಗಿದ ಮೇಲೆ ಹೋಗದಿರುವುದೇ ಲೇಸು.

ಪ್ರಶ್ನೆ: ಜೂನ್‌ನಿಂದ ಆಗಸ್ಟ್‌ವರೆಗೆ ನಾವು ದಂಪತಿ ಕ್ಯಾಲಿಫೋರ್ನಿಯಾದಲ್ಲಿ ಮಗಳ ಮನೆಯಲ್ಲಿರುತ್ತೇವೆ. ಅವರ ಮನೆ ಲಾಸ್ ಏಂಜಲೀಸ್ ಹತ್ತಿರ. ಅಲ್ಲಿಯ ಸಾರ್ವಜನಿಕ ಪಿಯರ್‌ನಲ್ಲಿ, ಅಂದರೆ ಕಡಲ ಸೇತುವೆಯ ಮೇಲೆ, ಪ್ರವಾಸಿಯಾದ ನಾನು ಗಾಳ ಹಾಕಬಹುದೇ? ಪರವಾನಗಿ ಬೇಕೇ?
– ಎಂ. ಸಿ., ಮಡಿಕೇರಿ

ಉತ್ತರ: ಧಾರಾಳವಾಗಿ ಹಾಕಬಹುದು. 16 ವರ್ಷ ತುಂಬಿದವರು ಆ ರಾಜ್ಯದಲ್ಲಿ ಮೀನು ಹಿಡಿಯಲು ಪರವಾನಗಿ ಪಡೆಯಬೇಕೆಂಬುದು ನಿಯಮವಾದರೂ, ಕಡಲಿನ ಸಾರ್ವಜನಿಕ ಪಿಯರ್‌ನಿಂದ ಗಾಳ ಹಾಕುವವರಿಗೆ ಅದರಿಂದ ವಿನಾಯಿತಿ ಇದೆ. ಪಿಯರ್ ಇಳಿದು ಪಕ್ಕದ ಮರಳಿನಲ್ಲಿ ನಿಂತು ಹಾಕಿದರೆ ಮಾತ್ರ ಪರವಾನಗಿ ಬೇಕಾಗುತ್ತದೆ. ಪಿಯರ್ ಮೇಲೆ ಒಬ್ಬರು ಎರಡಕ್ಕಿಂತ ಹೆಚ್ಚು ರಾಡ್ ಬಳಸುವಂತಿಲ್ಲ. ಪರವಾನಗಿ ಬೇಡವೆಂದ ಮಾತ್ರಕ್ಕೆ ಅಳತೆಯ ನಿಯಮವೂ ಇಲ್ಲವೆಂದು ಭಾವಿಸಬಾರದು: ನಮ್ಮ ನಂಗ್ ಮೀನಿನ ಹಾಗೆ ಚಪ್ಪಟೆಯಾದ ಹ್ಯಾಲಿಬಟ್ 22 ಇಂಚಿಗಿಂತ ಚಿಕ್ಕದಿದ್ದರೆ ನೀರಿಗೇ ಬಿಡಬೇಕು. ಈ ನಿಯಮಗಳು ಆಗಾಗ ಬದಲಾಗುವುದರಿಂದ ಹೋಗುವ ಮುನ್ನ ಅಲ್ಲಿಯ ಮೀನು ಮತ್ತು ವನ್ಯಜೀವಿ ಇಲಾಖೆಯ ಜಾಲತಾಣವನ್ನು ಮಗಳಿಂದ ನೋಡಿಸಿಕೊಳ್ಳಿ.

ಬೇಸಿಗೆಯಲ್ಲಿ ಅಲ್ಲಿಯ ಪಿಯರ್‌ಗಳಲ್ಲಿ ಹೊಸಬರಿಗೂ ಸಿಗುವುದು ನಮ್ಮ ಬಂಗುಡೆಯ ಕುಟುಂಬಕ್ಕೇ ಸೇರಿದ ಮ್ಯಾಕರೆಲ್. ಒಂದೇ ದಾರಕ್ಕೆ ನಾಲ್ಕಾರು ಪುಟ್ಟ ಗಾಳಗಳನ್ನು ಕಟ್ಟಿರುವ ಸಬಿಕಿ ಎಂಬ ಸರವನ್ನು ಅಂಗಡಿಯಲ್ಲಿ ಕೊಂಡು, ನೀರಿನಲ್ಲಿ ಮೆಲ್ಲಗೆ ಮೇಲೆ ಕೆಳಗೆ ಆಡಿಸಿದರೆ ಸಾಕು. ತಿನ್ನುವ ವಿಚಾರದಲ್ಲಿ ಎರಡು ಎಚ್ಚರಿಕೆಗಳಿವೆ. ಹಿಂದೆ ಡಿಡಿಟಿ ಕಾರ್ಖಾನೆಯ ತ್ಯಾಜ್ಯ ಚರಂಡಿಯ ಮೂಲಕ ಲಾಸ್ ಏಂಜಲೀಸ್ ಕಡಲಿನ ತಳ ಸೇರಿದ್ದರಿಂದ, ಆ ತಳದಲ್ಲಿ ಮೇಯುವ ವೈಟ್ ಕ್ರೋಕರ್ ಎಂಬ ಮೀನನ್ನು ತಿನ್ನಬಾರದೆಂದು ಅಲ್ಲಿಯ ಸರ್ಕಾರವೇ ಹೇಳಿದೆ. ಹಾಗೆಯೇ ಪಿಯರ್‌ನ ಕಂಬಗಳಿಗೆ ಅಂಟಿ ಬೆಳೆದ ಕಪ್ಪು ಚಿಪ್ಪನ್ನು ಕಂಡು ಮಂಗಳೂರಿನ ಮರುವಾಯಿ ಸುಕ್ಕ ನೆನಪಾಗಬಹುದು. ಮೇ 1ರಿಂದ ಅಕ್ಟೋಬರ್ 31ರವರೆಗೆ ಅದರಲ್ಲಿ ಪಾಚಿಜೀವಿಗಳ ವಿಷ ಸೇರುವ ಭಯವಿರುವುದರಿಂದ ಆ ಅವಧಿಯಲ್ಲಿ ಜನರು ಕಿತ್ತು ತಿನ್ನುವುದನ್ನು ನಿಷೇಧಿಸಲಾಗಿದೆ.

ಪ್ರಶ್ನೆ: ನಮ್ಮವರು ಕಡಲ ತೀರದಿಂದ ತಂದ ಬಂಗುಡೆಯನ್ನು ಅದೇ ಸಂಜೆ ಸಾರು ಮಾಡಿದೆ. ಉಂಡ ಅರ್ಧ ಗಂಟೆಯೊಳಗೆ ಎಲ್ಲರ ಮುಖ ಕೆಂಪಾಗಿ, ಮೈ ತುರಿಸಿ, ತಲೆ ನೋಯತೊಡಗಿತು. ಮೀನು ವಾಸನೆ ಬಂದಿರಲಿಲ್ಲ, ಚೆನ್ನಾಗಿ ಕುದಿಸಿದ್ದೆ. ಎಲ್ಲರಿಗೂ ಒಮ್ಮೆಗೇ ಅಲರ್ಜಿ ಬರುತ್ತದೆಯೇ?
– ಗೃಹಿಣಿ, ಕುಶಾಲನಗರ

ಉತ್ತರ: ನೀವು ಹೇಳುವ ಲಕ್ಷಣಗಳು ಹಿಸ್ಟಮಿನ್ ವಿಷಕ್ಕೆ ಹೊಂದುತ್ತವೆ. ಬಂಗುಡೆ, ಬೂತಾಯಿಯಂಥ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೊ ಆಮ್ಲ ಹೆಚ್ಚು. ಸತ್ತ ಮೀನು ಬೇಸಿಗೆಯ ಸೆಕೆಯಲ್ಲಿ ಕೆಲವು ಗಂಟೆ ಇದ್ದರೆ ಬ್ಯಾಕ್ಟೀರಿಯಾಗಳು ಅದನ್ನು ಹಿಸ್ಟಮಿನ್ ಆಗಿ ಮಾರ್ಪಡಿಸುತ್ತವೆ. ಅದಕ್ಕೆ ವಾಸನೆ ಬರಲೇಬೇಕೆಂದಿಲ್ಲ, ಮತ್ತು ಒಮ್ಮೆ ಉಂಟಾದ ಹಿಸ್ಟಮಿನ್ ಎಷ್ಟು ಕುದಿಸಿದರೂ, ಹುರಿದರೂ ನಾಶವಾಗುವುದಿಲ್ಲ. ಈ ತೊಂದರೆ ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ತಾನಾಗಿ ಶಮನವಾಗುತ್ತದೆ. ಉಸಿರಾಟಕ್ಕೆ ತೊಂದರೆಯಾದರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ರಾಡ್‌ಗೆ ಸಾವಿರಾರು ರೂಪಾಯಿ ಸುರಿದು, ಮಂಜುಗಡ್ಡೆಗೆ ಚೌಕಾಶಿ ಮಾಡುವ ಗಂಡಸರಿಗೆ ಈ ಉತ್ತರವನ್ನು ಓದಿ ಹೇಳಿ. ಮೀನು ಹಿಡಿದ ಕೂಡಲೇ ಕರುಳು, ಕಿವಿರು ತೆಗೆದು, ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಮೀನಿನ ತೂಕದಷ್ಟೇ ಪುಡಿ ಮಂಜುಗಡ್ಡೆಯನ್ನು ಒಂದು ಪದರ ಮಂಜು, ಒಂದು ಪದರ ಮೀನು ಎಂಬಂತೆ ತುಂಬಬೇಕು. ಕರಗಿದ ನೀರು ಹೊರಹೋಗಲು ಪೆಟ್ಟಿಗೆಯ ತಳದಲ್ಲಿ ಒಂದು ತೂತಿರಲಿ, ಮತ್ತು ಘಟ್ಟ ಹತ್ತುವ ಮೊದಲು ಸುಳ್ಯದಲ್ಲಿ ಮುಚ್ಚಳ ತೆಗೆದು ನೋಡಿ, ಮಂಜು ಕಡಿಮೆಯಾಗಿದ್ದರೆ ಅಲ್ಲಿಯೇ ಕೊಂಡು ತುಂಬಿಸಿಕೊಂಡು ಬರಲಿ.