ದುಬೈ ಶಾಲೆ: ಸೀಟಿನ ಜೊತೆಗೇ ಟಿ.ಸಿ.ಯ ಚಿಂತೆಯೂ ಇರಲಿ

ಪ್ರಶ್ನೆ: ಮನೆಯವರಿಗೆ ದುಬೈಗೆ ವರ್ಗವಾಗಿದೆ. ಮಗಳು ಸಿಬಿಎಸ್‌ಇ 4ನೇ ತರಗತಿ ಮುಗಿಸುತ್ತಿದ್ದಾಳೆ. ಹೊರಡಲು ಎರಡು ತಿಂಗಳಿದೆ. ಎಲ್ಲಿಂದ ಶುರು ಮಾಡಲಿ?
*ದಾವಣಗೆರೆಯ ಓದುಗರು*

ಉತ್ತರ: ನಾಳೆಯೇ ಶಾಲೆಯ ಆಫೀಸಿಗೆ ಹೋಗಿ. ಟಿ.ಸಿ. ತರಲಿಕ್ಕಲ್ಲ, ದಾಖಲಾತಿ ಪುಸ್ತಕದಲ್ಲಿ ಮಗಳ ಹೆಸರು ಹೇಗಿದೆ ಎಂದು ನೋಡಲಿಕ್ಕೆ. ನಮ್ಮ ಕಡೆಯ ಮಕ್ಕಳು ಎಡವುವುದು ಇಲ್ಲೇ. ಶಾಲೆಯಲ್ಲಿ ‘ಅದಿತಿ ಕೆ. ಆರ್.’, ಪಾಸ್‌ಪೋರ್ಟಿನಲ್ಲಿ ಆ ಎರಡು ಅಕ್ಷರ ಬಿಡಿಸಿ ಅಜ್ಜನ ಊರು, ಅಪ್ಪನ ಹೆಸರು. ನಮಗೆ ಎರಡೂ ಒಂದೇ. ಅಲ್ಲಿನ ಗುಮಾಸ್ತರಿಗೆ ಇಬ್ಬರು ಬೇರೆ ಮಕ್ಕಳು. ಟಿ.ಸಿ.ಯಲ್ಲಿ ಹೆಸರು, ಹುಟ್ಟಿದ ದಿನ, ತಂದೆ ತಾಯಿಯ ಹೆಸರು ಪಾಸ್‌ಪೋರ್ಟಿನಲ್ಲಿರುವಂತೆಯೇ ಬರಬೇಕು. ಯಾವ ತರಗತಿ ಪಾಸಾಗಿ ಯಾವುದಕ್ಕೆ ಬಡ್ತಿ ಎಂಬುದು ಇಂಗ್ಲಿಷಿನಲ್ಲಿ ಸ್ಪಷ್ಟವಾಗಿರಬೇಕು. ವೈಟ್ನರ್ ಹಚ್ಚಿ ತಿದ್ದಿದ್ದರೆ ಬೇಡ, ಹೊಸದು ಬರೆಸಿ.

ಭಾರತದಿಂದ ಹೋಗುವ ಟಿ.ಸಿ.ಗೆ ಮೂರು ಹಂತದ ದೃಢೀಕರಣ ಬೇಕು: ಶಿಕ್ಷಣ ಇಲಾಖೆಯ ಮೇಲುಸಹಿ, ನಮ್ಮ ವಿದೇಶಾಂಗ ಸಚಿವಾಲಯದ ಮುದ್ರೆ, ಕೊನೆಗೆ ಭಾರತದಲ್ಲಿರುವ ಯುಎಇ ರಾಯಭಾರ ಕಚೇರಿಯದ್ದು. ಒಂದರ ಮೇಲೊಂದು ಬರುವ ಮುದ್ರೆಗಳಿವು, ಕ್ರಮ ತಪ್ಪುವಂತಿಲ್ಲ. ಮೂರೂ ಬಿದ್ದ ಮೇಲೆ ಹೆಸರಿನ ತಪ್ಪು ಕಣ್ಣಿಗೆ ಬಿದ್ದರೆ ಮತ್ತೆ ಮೊದಲ ಮೆಟ್ಟಿಲು. ಸಿಬಿಎಸ್‌ಇ ಶಾಲೆಯಾದರೆ ಮೊದಲ ಸಹಿ ಯಾರದ್ದಿರಬೇಕು ಎಂದು ಸೇರಲಿರುವ ಶಾಲೆಯಿಂದ ಇಮೇಲಿನಲ್ಲೇ ಬರೆಸಿಕೊಳ್ಳಿ. ಏಜೆಂಟರು ‘ಅಪೊಸ್ಟಿಲ್ ಮಾಡಿಸಿಕೊಡ್ತೀವಿ’ ಎಂದರೆ ಬೇಡ ಅನ್ನಿ. ಅಪೊಸ್ಟಿಲ್ ಎಂದರೆ ಒಂದು ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸೇರಿದ ದೇಶಗಳು ಪರಸ್ಪರ ಒಪ್ಪುವ ದೃಢೀಕರಣದ ಸ್ಟಿಕ್ಕರ್. ಯುಎಇ ಆ ಒಪ್ಪಂದದಲ್ಲಿಲ್ಲ, ಆ ಸ್ಟಿಕ್ಕರ್ ಅಲ್ಲಿ ನಡೆಯದು.

ಟಿ.ಸಿ. ಕೈಗೆ ಬಂದ ಮೇಲೆ ಹಳೆಯ ಶಾಲೆಯಲ್ಲಿ ಮಗಳ ಹೆಸರಿರುವುದಿಲ್ಲ. ಹಾಗಾಗಿ ಹೆಸರು ತಿದ್ದಿಸುವುದು ಈಗ, ಟಿ.ಸಿ. ಪಡೆಯುವುದು ದುಬೈ ಶಾಲೆಯ ಆಫರ್ ಪತ್ರ ಬಂದ ಮೇಲೆ. ಅರ್ಜಿಗೆ ವೀಸಾ ಬರುವವರೆಗೆ ಕಾಯಬೇಕಿಲ್ಲ. ಪಾಸ್‌ಪೋರ್ಟ್ ಪ್ರತಿ, ಕಳೆದ ಎರಡು ವರ್ಷದ ಅಂಕಪಟ್ಟಿ, ಲಸಿಕೆ ಕಾರ್ಡು ಕೊಟ್ಟು ಹಾಕಿಬಿಡಿ. ಎಮಿರೇಟ್ಸ್ ಐಡಿ (ಯುಎಇ ನಿವಾಸಿಗಳ ಗುರುತಿನ ಚೀಟಿ) ಆಮೇಲೆ ಕೊಡಬಹುದು. ಒಂದೇ ಶಾಲೆಯನ್ನು ನೆಚ್ಚಿ ಕೂರದೆ ಮೂರ್ನಾಲ್ಕು ಕಡೆ ಹಾಕಿ. ಹೆಸರುವಾಸಿ ಭಾರತೀಯ ಶಾಲೆಗಳಲ್ಲಿ ಕಾಯುವ ಪಟ್ಟಿ ಉದ್ದ ಇರುವುದು ಕೆಜಿಗೆ. ಮೇಲಿನ ತರಗತಿಗಳಲ್ಲಿ ಬಿಟ್ಟುಹೋಗುವವರಿರುವುದರಿಂದ ಮಧ್ಯೆ ಸೀಟು ಖಾಲಿಯಾಗುತ್ತಿರುತ್ತದೆ.

ಪ್ರಶ್ನೆ: ಮಗ ಹುಟ್ಟಿದ್ದು 2020ರ ಅಕ್ಟೋಬರ್ 20. ಇನ್ನೂ ಶಾಲೆಗೆ ಸೇರಿಸಿಲ್ಲ. ಒಂದು ಶಾಲೆ ಕೆಜಿ 2 ಎನ್ನುತ್ತದೆ, ಇನ್ನೊಂದು ಇಯರ್ 2 ಎನ್ನುತ್ತದೆ. ಯಾರು ಸರಿ?
*ಮಂಗಳೂರಿನ ಓದುಗರು*

ಉತ್ತರ: ಇಬ್ಬರೂ ಸರಿ. ಭಾರತೀಯ ಪಠ್ಯಕ್ರಮದ ಶಾಲೆ ಏಪ್ರಿಲ್‌ನಲ್ಲಿ ತೆರೆಯುತ್ತದೆ, ವಯಸ್ಸು ಎಣಿಸುವುದು ಮಾರ್ಚ್ 31ಕ್ಕೆ. ಬ್ರಿಟಿಷ್, ಅಮೆರಿಕನ್, ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೊರೆಟ್) ಶಾಲೆಗಳು ಆಗಸ್ಟ್ ಕೊನೆಗೆ ತೆರೆಯುತ್ತವೆ. ಅವಕ್ಕೆ 2026–27ರಿಂದ ಗಡಿ ದಿನ ಆಗಸ್ಟ್ 31ರ ಬದಲು ಡಿಸೆಂಬರ್ 31. ನಿಮ್ಮ ಮಗನಿಗೆ 2026ರ ಮಾರ್ಚ್ 31ಕ್ಕೆ ಐದು ತುಂಬಿ ಐದು ತಿಂಗಳು, ಅಂದರೆ ಕೆಜಿ 2. ಅದೇ ವರ್ಷದ ಡಿಸೆಂಬರ್ 31ಕ್ಕೆ ಆರು ತುಂಬಿರುತ್ತದೆ, ಅಂದರೆ ಇಯರ್ 2. ಇಯರ್ 2 ಎಂದರೆ ನಮ್ಮ ಲೆಕ್ಕದಲ್ಲಿ 1ನೇ ತರಗತಿ. ಬ್ರಿಟಿಷ್ ಸಂಖ್ಯೆ ಯಾವಾಗಲೂ ನಮ್ಮದಕ್ಕಿಂತ ಒಂದು ಮುಂದೆ. ಅಕ್ಷರ, ಓದು ಇನ್ನೂ ರೂಢಿಯಾಗದ ಮಗುವನ್ನು ‘ವರ್ಷ ಉಳಿಯಿತು’ ಎಂದು ಇಯರ್ 2ಕ್ಕೆ ತಳ್ಳಬೇಡಿ. ಆ ತರಗತಿಯ ಮಕ್ಕಳು ಆಗಲೇ ವಾಕ್ಯ ಬರೆಯುತ್ತಿರುತ್ತಾರೆ.

ಪ್ರಶ್ನೆ: ಸೀಟು ಹಿಡಿಯಲು ಎಷ್ಟು ಕಟ್ಟಬೇಕು? ಮನಸ್ಸು ಬದಲಾದರೆ ಹಣ ವಾಪಸ್ ಬರುತ್ತದೆಯೇ?
*ಹುಬ್ಬಳ್ಳಿಯ ಓದುಗರು*

ಉತ್ತರ: ದುಬೈಯ ಖಾಸಗಿ ಶಾಲೆಗಳ ನಿಯಂತ್ರಣ ಅಲ್ಲಿನ ಸರ್ಕಾರದ ಶಿಕ್ಷಣ ಪ್ರಾಧಿಕಾರವಾದ ಕೆಎಚ್‌ಡಿಎ ಕೈಯಲ್ಲಿದೆ. ಅರ್ಜಿ ಶುಲ್ಕ ಗರಿಷ್ಠ 500 ದಿರ್ಹಂ, ಅದು ಹೋದದ್ದೇ. ಹೊಸ ಮಗುವಿಗೆ ಸೀಟಿನ ಮುಂಗಡ ವರ್ಷದ ಬೋಧನಾ ಶುಲ್ಕದ ಶೇ. 10ರವರೆಗೆ, ಮಗು ಸೇರಿದರೆ ಅದು ಶುಲ್ಕದಲ್ಲಿ ವಜಾ ಆಗುತ್ತದೆ. ಶಾಲೆ ಶುರುವಾಗಿ ಎರಡು ವಾರದೊಳಗೆ ಬಿಡಿಸಿದರೆ ಒಂದು ತಿಂಗಳ ಶುಲ್ಕ, ಎರಡು ವಾರದಿಂದ ಒಂದು ತಿಂಗಳೊಳಗೆ ಎರಡು ತಿಂಗಳದ್ದು, ತಿಂಗಳು ದಾಟಿದರೆ ಇಡೀ ಟರ್ಮಿನದ್ದು ಕಳೆದುಕೊಳ್ಳುತ್ತೀರಿ. ಶಾಲೆವಾರು ಮಂಜೂರಾದ ಶುಲ್ಕ ಕೆಎಚ್‌ಡಿಎ ಜಾಲತಾಣದಲ್ಲೇ ಇದೆ. ಬಸ್ಸು, ಸಮವಸ್ತ್ರ ಅದರಲ್ಲಿ ಸೇರಿಲ್ಲ. ಕಂಪನಿ ಶಿಕ್ಷಣ ಭತ್ಯೆ ಕೊಟ್ಟರೆ, ಮುಂಗಡ ಮತ್ತು ಬಸ್ಸಿಗೂ ಅನ್ವಯಿಸುತ್ತದೆಯೇ ಎಂದು ಸಹಿ ಮಾಡುವ ಮುಂಚೆ ಕೇಳಿ.

ಪ್ರಶ್ನೆ: ಮಗ 9ನೇ ತರಗತಿ, ರಾಜ್ಯ ಪಠ್ಯಕ್ರಮ. ಮುಂದಿನ ವರ್ಷ ಕರೆದುಕೊಂಡು ಹೋಗಬಹುದೇ? ವಾಪಸ್ ಬಂದು ಸಿಇಟಿ ಬರೆಯಬೇಕೆಂಬ ಆಸೆ.
*ಮೈಸೂರಿನ ಓದುಗರು*

ಉತ್ತರ: ನಮ್ಮನ್ನು ಕೇಳಿದರೆ ಎಸ್‌ಎಸ್‌ಎಲ್‌ಸಿ ಮುಗಿಸಿಯೇ ಹೊರಡಲಿ. ಸಿಬಿಎಸ್‌ಇಗೆ 9 ಮತ್ತು 10 ಸೇರಿ ಎರಡು ವರ್ಷದ ಒಂದೇ ಓದು. ನೇರ 10ಕ್ಕೆ ಸೇರಿಸಿಕೊಳ್ಳುವುದು ಪೋಷಕರ ವರ್ಗಾವಣೆಯಂಥ ಕಾರಣಕ್ಕೆ, ದಾಖಲೆ ಕೊಟ್ಟ ಮೇಲೆ ಮಾತ್ರ. ಬ್ರಿಟಿಷ್ ಶಾಲೆಗಳ ಐಜಿಸಿಎಸ್‌ಇ ಕೂಡ ಇಯರ್ 10, 11 ಸೇರಿ ಎರಡು ವರ್ಷದ್ದು, ನಡುವೆ ಹತ್ತಿದರೆ ಅರ್ಧ ಪಠ್ಯ ತಪ್ಪಿರುತ್ತದೆ.

ಸಿಇಟಿ ಮಾತು ಇನ್ನೂ ಮುಖ್ಯ. ಹೆಚ್ಚಿನ ಮಕ್ಕಳು ಅರ್ಹತೆ ಪಡೆಯುವ ನಿಯಮದ ಪ್ರಕಾರ, 1ನೇ ತರಗತಿಯಿಂದ ದ್ವಿತೀಯ ಪಿಯುವರೆಗಿನ ಓದಿನಲ್ಲಿ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಆಗಿರಬೇಕು ಮತ್ತು 10 ಅಥವಾ 12ನೇ ತರಗತಿಯಲ್ಲಿ ಒಂದನ್ನು ಇಲ್ಲೇ ಪಾಸು ಮಾಡಿರಬೇಕು. ಮಗ ಈವರೆಗೆ ಕರ್ನಾಟಕದಲ್ಲೇ ಓದಿದ್ದು, ಎಸ್‌ಎಸ್‌ಎಲ್‌ಸಿಯೂ ಇಲ್ಲೇ ಪಾಸಾದರೆ ಎರಡೂ ಷರತ್ತು ತೀರುತ್ತವೆ. ಹೊರಡುವ ಮುಂಚೆ ಓದಿದ ಪ್ರತಿ ಶಾಲೆಯಿಂದಲೂ ವ್ಯಾಸಂಗ ಪ್ರಮಾಣಪತ್ರ ತಂದು, ಬಿಇಒ ಮೇಲುಸಹಿ ಹಾಕಿಸಿ ಇಟ್ಟುಕೊಳ್ಳಿ. ಮೂರು ವರ್ಷದ ನಂತರ ಆ ಶಾಲೆಯ ಹಳೆ ರಿಜಿಸ್ಟರ್ ಹುಡುಕಿಸುವುದು ತಲೆನೋವಿನ ಕೆಲಸ.

ಪ್ರಶ್ನೆ: ಅಲ್ಲಿ ಕನ್ನಡ ಬಿಟ್ಟುಹೋಗುತ್ತದಲ್ಲ?
*ಶಿರಸಿಯ ಓದುಗರು*

ಉತ್ತರ: ಶಾಲೆಯೊಳಗೆ ಹೆಚ್ಚುಕಡಿಮೆ ಹೌದು. ಅರಬ್ಬರಲ್ಲದ ಮಕ್ಕಳೂ ಅರೇಬಿಕ್ ಕಲಿಯಲೇಬೇಕು, ಅದರ ಮೇಲೆ ಹಿಂದಿಯೋ ಫ್ರೆಂಚೋ. ಸಿಬಿಎಸ್‌ಇ ಪಟ್ಟಿಯಲ್ಲಿ ಕನ್ನಡವಿದೆ, ಕಲಿಸುವ ಶಾಲೆ ಸಿಗುವುದು ಅಪರೂಪ. ಹೊರಗೆ, ಕನ್ನಡ ಮಿತ್ರರು ಬಳಗ ನಡೆಸುವ ‘ಕನ್ನಡ ಪಾಠಶಾಲೆ ದುಬೈ’ ವಾರಾಂತ್ಯದಲ್ಲಿ ಉಚಿತವಾಗಿ ಕಲಿಸುತ್ತದೆ. ಮನೆ ಗೊತ್ತುಮಾಡುವಾಗಲೇ ಅಲ್ಲಿಗೆಷ್ಟು ದೂರ ಎಂದು ನೋಡಿಕೊಳ್ಳಿ.